ಹೊಸಮನೆಯ ಗ್ರಾಸಿ ವಂಶಮೂಲ ಯಂತ್ರಕ್ಕೆ ಮಾಡಿಕೊಂಡ ಬಿನ್ನಹ

ಮಾನ್ಯರೇ,

ಪೇಟೆಯ ಕಮಾನುಸಾಲಿನಲ್ಲಿ, ರೊಟ್ಟಿ ಅಂಗಡಿಗೂ ಪುರಸಭೆಯ ಮೆಟ್ಟಿಲಿಗೂ ನಡುವೆ, ಮಳೆ ತಾಗದ ಜಾಗ ಹಿಡಿದು ಹಗಲೂ ರಾತ್ರಿ ಬೇಸರವಿಲ್ಲದೆ ನಿಂತಿದ್ದು, ನಾಣ್ಯ ಹಾಕಿದವರಿಗೆಲ್ಲ ಅವರವರ ಅಡ್ಡಹೆಸರು ಯಾವ ಊರಿನ ಯಾವ ಮನೆಯಿಂದ ಹೊರಟಿತೆಂದು ಏಳು ಭಾಷೆಗಳಲ್ಲಿ ಅಚ್ಚುಹಾಕಿ ಕೊಡುತ್ತಿರುವ ವಂಶಮೂಲ ಯಂತ್ರದವರ ಸನ್ನಿಧಿಗೆ, ಮೇಲಿನ ಲಿಸಾರ್ದಿ ಹಳ್ಳಿಯ ಎಚೆಬೆರಿಯ ಮನೆಯ ಗ್ರಾಸಿಯಾನಾ ಮಾಡುವ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕೆಲವು ದಿನಗಳಿಂದ ತಮ್ಮ ಹೊಟ್ಟೆಯೊಳಗೆ ಗುಂಯ್ ಎಂಬ ಸದ್ದು ಕೇಳುತ್ತಿದೆಯೆಂದೂ, ತಾವು ಕೊಡುವ ಕಾಗದಗಳು ಅಂಟಂಟಾಗಿ ಬರುತ್ತಿವೆಯೆಂದೂ ರೊಟ್ಟಿ ಅಂಗಡಿಯವರು ಹೇಳಿದರು. ಆ ವಿಷಯಕ್ಕೇ ಬರುತ್ತಿದ್ದೇನೆ, ಆದರೆ ದೊಡ್ಡವರ ಮುಂದೆ ನಿಂತು ಒಮ್ಮೆಲೇ ವಿಷಯಕ್ಕೆ ಬರುವುದು ನಮ್ಮ ಕಡೆ ಮರ್ಯಾದೆಯಲ್ಲ.

ಈ ಪತ್ರವನ್ನು ತಮ್ಮ ಪಕ್ಕದ ಕಂಬಕ್ಕೆ ಅಂಟಿಸುತ್ತಿರುವುದಕ್ಕೆ ಕ್ಷಮೆಯಿರಲಿ. ತಮಗೆ ನಾಣ್ಯ ಹಾಕುವ ಕಿಂಡಿಯಿದೆ, ಕಾಗದ ಹೊರಬರುವ ಕಿಂಡಿಯಿದೆ, ಬೆನ್ನಿಗೆ ಗಾಳಿಯಾಡುವ ಕಿಂಡಿಗಳೂ ಇವೆ. ಅಹವಾಲು ಹಾಕುವ ಕಿಂಡಿಯನ್ನು ಮಾತ್ರ ತಮ್ಮನ್ನು ಮಾಡಿದ ಕಂಪನಿಯವರು ಇಡಲಿಲ್ಲ. ಆದ್ದರಿಂದ ಸಂತೆಗೆ ಬಂದವರೆಲ್ಲ ಇದನ್ನು ಓದಿ, ಅವರಲ್ಲಿ ಗಂಟಲು ದೊಡ್ಡದಿರುವ ಯಾರಾದರೂ ತಮಗೆ ಓದಿಹೇಳಲಿ ಎಂಬುದು ನನ್ನ ಆಸೆ.

ತಾವು ಎಲ್ಲ ಬಲ್ಲವರು. ಆದರೂ ಏರು ಹತ್ತಿ ನಮ್ಮ ಹಳ್ಳಿಗೆ ಎಂದೂ ಬಾರದವರಾದ್ದರಿಂದ, ಹೆಸರಿನ ವಿಚಾರದಲ್ಲಿ ಈ ಬಾಸ್ಕ್ ಬೆಟ್ಟಗಳ ಪದ್ಧತಿ ಏನೆಂದು ಎರಡು ಮಾತು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮಲ್ಲಿ ಹೆಸರು ಮನುಷ್ಯರದ್ದಲ್ಲ, ಮನೆಯದ್ದು. ಮನೆಗೆ ಒಮ್ಮೆ ಹೆಸರಿಟ್ಟರೆ ಮುಗಿಯಿತು. ಒಳಗೆ ಯಾರು ಹುಟ್ಟಲಿ, ಯಾರು ಮದುವೆಯಾಗಿ ಬರಲಿ, ಯಾರು ಕೂಲಿಗೆ ಬಂದು ಉಳಿದುಕೊಳ್ಳಲಿ, ಆ ಒಲೆಯ ಮುಂದೆ ಕೂತು ಉಂಡವರೆಲ್ಲ ಆ ಮನೆಯವರೆಂದೇ ಕರೆಸಿಕೊಳ್ಳುತ್ತಾರೆ. ಬುಗ್ಗೆಮನೆಯಲ್ಲಿ ಇರುವವನು ಬುಗ್ಗೆಮನೆಯ ಪ್ರುದೆನ್ಸಿಯೊ, ಸೇತುವೆ ಮನೆಯಲ್ಲಿ ಇರುವವಳು ಸೇತುವೆಯ ಕಸಿಲ್ಡಾ. ಸರಕಾರದ ಕಾಗದದಲ್ಲಿ ಅವರಿಗೆ ಬೇರೆ ಅಡ್ಡಹೆಸರುಗಳಿವೆ, ಅವು ಟಪಾಲಿನವನಿಗೂ ಗೊತ್ತಿಲ್ಲ. ನಮ್ಮ ಮನೆಯ ಹೆಸರು ಎಚೆಬೆರಿಯ, ಅಂದರೆ ಹೊಸಮನೆ. ಅದು ಹೊಸದಾಗಿದ್ದದ್ದು ಯಾವ ಕಾಲದಲ್ಲೆಂದು ಚರ್ಚಿನವರಿಗೂ ನೆನಪಿಲ್ಲ. ಈಗ ಮಳೆ ಬಂದರೆ ಮಾಡಿನ ಕೆಳಗೆ ಬಾಲ್ದಿ ಇಟ್ಟುಕೊಂಡು ಮಲಗುತ್ತೇವೆ. ಯಾವುದೇ ಊರಿನಲ್ಲಿ ಎರಡನೆಯ ಮನೆ ಎದ್ದ ಕೂಡಲೇ ಅದನ್ನು ಹೊಸಮನೆ ಅನ್ನದೆ ಇನ್ನೇನು ಅನ್ನುತ್ತಾರೆ? ಹಾಗಾಗಿ ಈ ಬೆಟ್ಟಗಳಲ್ಲಿ ಊರಿಗೊಂದು ಎಚೆಬೆರಿಯ ಇದೆ, ಕೆಲವು ಊರುಗಳಲ್ಲಿ ಎರಡೂ ಇವೆ, ಅವರಿಗೂ ಇವರಿಗೂ ಮಾತುಕತೆ ಇರುವುದಿಲ್ಲ.

ಇನ್ನೊಂದು ಪದ್ಧತಿಯೂ ಇದೆ, ಅದನ್ನು ತಾವು ಗಮನವಿಟ್ಟು ಕೇಳಬೇಕು. ನಮ್ಮಲ್ಲಿ ಮನೆಯನ್ನು ಭಾಗ ಮಾಡುವಂತಿಲ್ಲ. ಮನೆ, ಹುಲ್ಲುಗಾವಲು, ದನ, ಜೇನುಪೆಟ್ಟಿಗೆ, ಚರ್ಚಿನಲ್ಲಿ ಮನೆಯ ಸತ್ತವರಿಗೆ ದೀಪ ಹಚ್ಚುವ ಜಾಗ, ಎಲ್ಲವೂ ಒಬ್ಬರಿಗೇ. ಆ ಒಬ್ಬರು ಯಾರೆಂದು ಮನೆಯ ಯಜಮಾನಿಯೋ ಯಜಮಾನನೋ ಮನಸ್ಸಿಗೆ ಬಂದಂತೆ ಆರಿಸುತ್ತಾರೆ. ಮಿಕ್ಕ ಮಕ್ಕಳು ಮದುವೆಯಾಗದೆ ಅಲ್ಲೇ ಇರಬಹುದು, ಇಲ್ಲವೇ ಹೊರಡಬಹುದು. ಹೊರಟವರಿಗೆ ಮನೆ ಸಿಗಲಿಲ್ಲ, ಮನೆಯ ಹೆಸರು ಸಿಕ್ಕಿತು. ಹೊರಲು ಭಾರವಿಲ್ಲದ ಸಾಮಾನು ಅದೊಂದೇ. ಅದನ್ನು ಹೊತ್ತು ಗಡಿ ದಾಟಿದವರನ್ನು ಫ್ರೆಂಚರು ಎಚೆವೆರಿ ಎಂದು ಬರೆದುಕೊಂಡರು. ಅಟ್ಲಾಂಟಿಕ್ ದಾಟಿದವರಲ್ಲಿ ಕೆಲವರು ಚವರಿಯ ಆದರು, ಕುರಿ ಕಾಯಲು ಅಮೆರಿಕದ ಇಡಾಹೊ ಬಯಲಿಗೆ ಹೋದವರು ಅಲ್ಲಿನವರ ನಾಲಗೆಗೆ ಸಿಗದೆ ಏನೇನೋ ಆದರು. ನಮ್ಮಿಂದ ದಕ್ಷಿಣಕ್ಕಿರುವ ಇನ್ನೊಂದು ಹೊಸಮನೆ ಕೋಟೆಯಾಗಿ ಬೆಳೆದು, ಸ್ಪ್ಯಾನಿಶರ ಬಾಯಲ್ಲಿ ಹವಿಯೇರ್ ಆಗಿ, ಅಲ್ಲಿ ಹುಟ್ಟಿದ ಸಂತರೊಬ್ಬರ ಬೆನ್ನಿಗೆ ಹತ್ತಿ ಹಡಗೇರಿ, ಪೂರ್ವದ ಸಮುದ್ರದ ದಂಡೆಗಳಲ್ಲೆಲ್ಲ ಇಳಿಯಿತು. ಅಲ್ಲಿ ಅದು ಅಡ್ಡಹೆಸರಾಗಿಯೂ ಉಳಿಯದೆ, ತೊಟ್ಟಿಲಲ್ಲಿರುವ ಮಗುವಿಗೆ ಝೇವಿಯರ್ ಎಂದು ಇಡುವ ಹೆಸರೇ ಆಗಿಹೋಯಿತಂತೆ. ಇಷ್ಟೆಲ್ಲ ಆಗುವಾಗ ಮನೆಗಳು ಮಾತ್ರ ಇದ್ದಲ್ಲೇ ಇದ್ದವು, ಸೋರುತ್ತಿದ್ದವು.

ಇದನ್ನೆಲ್ಲ ತಾವು ಒಂದೇ ಉಸಿರಿನಲ್ಲಿ ಅಚ್ಚುಹಾಕಿ ಕೊಡುತ್ತೀರಿ. ಜೊತೆಗೆ ಎರಡು ತೋಳ, ನಡುವೆ ಒಂದು ಕಡಾಯಿ ಇರುವ ಲಾಂಛನವನ್ನೂ ದಯಪಾಲಿಸುತ್ತೀರಿ. ನಮ್ಮ ಮನೆಯಲ್ಲಿ ತೋಳ ಇರಲಿಲ್ಲ. ಕಡಾಯಿ ಇದೆ, ತೂತಾಗಿದೆ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಬಂಗಾರದ ಬಣ್ಣದಲ್ಲಿ ಬರುವ ತಮ್ಮ ಕೊನೆಯ ಸಾಲಿನ ಬಗ್ಗೆ: “ತಮ್ಮ ಮೂಲಮನೆ ಲಿಸಾರ್ದಿಯ ಎಚೆಬೆರಿಯ. ತಮ್ಮ ಮನೆಯ ಬಾಗಿಲು ತಮಗಾಗಿ ಸದಾ ತೆರೆದಿದೆ.” ಊರಿಗೊಂದು ಹೊಸಮನೆ ಇರುವಾಗ, ತಾವು ಲೋಕದ ಎಲ್ಲ ಎಚೆವೆರಿಗಳಿಗೂ ಚವರಿಯಗಳಿಗೂ ಹವಿಯೇರ್‌ಗಳಿಗೂ ನಮ್ಮದೊಂದೇ ವಿಳಾಸ ಕೊಟ್ಟಿದ್ದೇಕೆಂದು ಬಹಳ ತಲೆ ಕೆಡಿಸಿಕೊಂಡೆ. ಕೊನೆಗೆ ಹೊಳೆಯಿತು. ತಮ್ಮ ತಲೆಗೆ ಊರೂರಿನ ವಿಷಯ ತುಂಬಿಸಲು ಕಂಪನಿಯಿಂದ ಬಂದಿದ್ದ ಸಣಕಲು ಮನುಷ್ಯ ಮಳೆಯಲ್ಲಿ ತೊಯ್ದು ನಮ್ಮ ಮನೆ ಹೊಕ್ಕಾಗ, ಬಿಶೆಂತಾ ದೊಡ್ಡಮ್ಮ ಅವನಿಗೆ ಹಂದಿಮಾಂಸ ಹಾಕಿ ಕುದಿಸಿದ ಕೆಂಪು ಕಾಳಿನ ಸಾರನ್ನು ಸಾಕೆನ್ನುವವರೆಗೆ ಬಡಿಸಿದ್ದಳು. ಹೊಟ್ಟೆ ತುಂಬಿದ ಮೇಲೆ ಅವನು ಬೇರೆ ಊರುಗಳ ಹೊಸಮನೆ ನೋಡಲು ಹೋಗಲೇ ಇಲ್ಲ.

ಬಿಶೆಂತಾ ದೊಡ್ಡಮ್ಮ ನಮ್ಮ ಮನೆಯ ಯಜಮಾನಿ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ದೊಡ್ಡಮ್ಮ ಎಂದು ಬಾಯಿತುಂಬ ಕರೆದರೂ ನಾನು ಅವಳ ರಕ್ತಸಂಬಂಧಿಯಲ್ಲ. ನನ್ನ ತಾತ ಈ ಮನೆಗೆ ದನ ನೋಡಿಕೊಳ್ಳಲು ಬಂದವನು; ಅಪ್ಪ ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ ಹುಟ್ಟಿದ, ನಾನೂ ಅಲ್ಲೇ ಹುಟ್ಟಿದೆ. ಹಾಲು ಕರೆಯುವುದು, ಹುಲ್ಲು ಕೊಯ್ಯುವುದು, ಚೀಸು ಕಟ್ಟುವುದು, ದೊಡ್ಡಮ್ಮನ ಮೊಣಕಾಲಿಗೆ ಎಣ್ಣೆ ತಿಕ್ಕುವುದು ನನ್ನ ಕೆಲಸ, ಆ ಮೊಣಕಾಲನ್ನು ಬೈಯುವುದೂ ನನ್ನದೇ ಕೆಲಸ. ಬೇಸಿಗೆಯಲ್ಲಿ ಸಂತ ಯೊವಾನರ ಹಬ್ಬ ಬರುವುದರೊಳಗೆ ನೋಟರಿಯ ಹತ್ತಿರ ಹೋಗಿ ಮನೆಯನ್ನು ನನಗೆ ಬರೆದುಕೊಡುವುದಾಗಿ ಅವಳು ಚಳಿಗಾಲದಲ್ಲಿ ಹೇಳಿದ್ದಳು. ನನಗೆ ಬೇರೆ ಮನೆಯಿಲ್ಲ. ಇದ್ದರೂ ಅಲ್ಲಿ ಹೇಗಿರಬೇಕೆಂದು ನನಗೆ ಗೊತ್ತಾಗುತ್ತಿರಲಿಲ್ಲ.

ಈಸ್ಟರ್ ಕಳೆಯುತ್ತಿದ್ದಂತೆ ತಮ್ಮ ಮಾತಿನ ಮಹಿಮೆ ನಮ್ಮ ಅಂಗಳದಲ್ಲಿ ಕಾಣತೊಡಗಿತು. ಮೊದಲು ಇಡಾಹೊದಿಂದ ದೊಡ್ಡ ಹ್ಯಾಟಿನ ಒಬ್ಬರು ಬಂದು, ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ಅತ್ತು, ಅದಕ್ಕೆ ಮುತ್ತಿಟ್ಟರು. ಅದು ನಮ್ಮ ಹಸು ಬೆನ್ನು ತುರಿಸಿಕೊಳ್ಳುವ ಜಾಗವೆಂದು ಹೇಳಲು ನನಗೆ ಮನಸ್ಸಾಗಲಿಲ್ಲ. ಆಮೇಲೆ ಮನಿಲಾದಿಂದ ಪ್ಯೂರಿತಾ ಹವಿಯೇರ್ ಎಂಬ ಅಮ್ಮ ಬೀಸಣಿಗೆ ಹಿಡಿದು ಬಂದು, ತಮ್ಮ ಮುತ್ತಜ್ಜ ಮಲಗುತ್ತಿದ್ದ ಕೋಣೆ ಯಾವುದೆಂದು ಕೇಳಿದರು. ದೊಡ್ಡಮ್ಮ ಆಲೂಗಡ್ಡೆ ಕೋಣೆ ತೋರಿಸಿದಳು, ಅವರು ಅಲ್ಲಿಂದ ಒಂದು ಆಲೂಗಡ್ಡೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು. ಬಿಲ್ಬಾವೊ ಬಂದರಿನಲ್ಲಿ ನಿಂತಿದ್ದ ಹಡಗಿನ ಅಡುಗೆಯವರೊಬ್ಬರು ಬಂದರು, ಭಾರತದ ಪಡುವಣ ಕರಾವಳಿಯವರಂತೆ. ಝೇವಿಯರ್ ಎಂಬುದು ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರೇ ಹೊರತು ಅಡ್ಡಹೆಸರೂ ಅಲ್ಲ. ತಾವು ಅವರಿಗೂ ಅಷ್ಟೇ ಧಾರಾಳವಾಗಿ ನಮ್ಮ ಮನೆ ಕೊಟ್ಟು ಕಳಿಸಿದ್ದಿರಿ. ಆ ಪುಣ್ಯಾತ್ಮರು ನಮ್ಮ ಕಾಳಿನ ಸಾರು ರುಚಿ ನೋಡಿ, ಮುಖ ಹುಳ್ಳಗೆ ಮಾಡಿಕೊಂಡು, ಜೇಬಿನಿಂದ ಮೆಣಸಿನಪುಡಿ ತೆಗೆದು ಹಾಕಿದರು. ಆ ದಿನ ದೊಡ್ಡಮ್ಮ ಎರಡು ಸಲ ಹಾಕಿಸಿಕೊಂಡಳು.

ಇವರೆಲ್ಲ ಬಂದು ಉಂಡು ಹೋದವರು. ಬಂದು ಉಂಡು ಉಳಿದವರು ಒರಾಸಿಯೊ ಎಚೆವೆರಿ, ಅರ್ಜೆಂಟೀನಾದ ರೊಸಾರಿಯೊ ಪಟ್ಟಣದ ಹಲ್ಲಿನ ಡಾಕ್ಟರು. ತಮ್ಮ ಕಾಗದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಎದೆಗವಚಿಕೊಂಡು ಬಂದಿದ್ದರು. ಹುಲ್ಲು ಕೊಯ್ಯಲು ಉದ್ದ ಹಿಡಿಯ ಕುಡುಗೋಲು ಕೊಟ್ಟರೆ ತಮ್ಮ ಬೂಟಿನ ಮೂತಿ ಕೊಯ್ದುಕೊಂಡರು, ಹಾಲು ಕರೆಯಲು ಕೂರಿಸಿದರೆ ಹಸುವಿಗೆ ಮೊದಲು ತಮ್ಮ ಪರಿಚಯ ಹೇಳಿಕೊಂಡು ಒದೆಸಿಕೊಂಡರು. ಇನ್ನೇನು ಗಂಟುಮೂಟೆ ಕಟ್ಟುತ್ತಾರೆಂದು ನಾನು ನೆಮ್ಮದಿಯಲ್ಲಿದ್ದೆ. ಅಷ್ಟರಲ್ಲಿ ದೊಡ್ಡಮ್ಮನಿಗೆ ದವಡೆಹಲ್ಲಿನ ನೋವು ಬಂತು. ಡಾಕ್ಟರು ಅವಳನ್ನು ಒಲೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಸೇಬಿನ ಮದ್ಯದಲ್ಲಿ ಬಾಯಿ ಮುಕ್ಕಳಿಸಲು ಹೇಳಿ, ನೋವೇ ತಿಳಿಯದ ಹಾಗೆ ಹಲ್ಲು ಕಿತ್ತು ಅಂಗೈಯಲ್ಲಿಟ್ಟರು. ಅಂದಿನಿಂದ ಮನೆಯ ಒಳ್ಳೆಯ ಕುರ್ಚಿ ಅವರದಾಯಿತು.

ಆ ಸಂಜೆ ನಾನು ಹಾಲಿನ ಬಾಲ್ದಿ ಹಿಡಿದು ಒಳಗೆ ಬಂದಾಗ ದೊಡ್ಡಮ್ಮ ಅಂದಳು: “ಹೆಸರು ಹೊತ್ಕೊಂಡು ಅಷ್ಟು ದೂರ ಹೋದೋರು ವಾಪಸ್ ಬಂದಿದಾರೆ ಅಂದ್ರೆ, ಮನೆ ಅವ್ರಿಗೇ ಹೋಗ್ಬೇಕಲ್ವೇನೇ ಗ್ರಾಸಿ?” ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ನ್ಯಾಯ ಯಾವುದೆಂದು ನನ್ನನ್ನೇ ಕೇಳುತ್ತಿದ್ದಳು, ಅದೇ ನನಗೆ ಹೆಚ್ಚು ನೋವಾದದ್ದು. ಹಾಲು ಸೋಸಬೇಕು ಎಂದು ಹೇಳಿ ಹೊರಗೆ ಹೋದೆ. ಆವತ್ತು ತಮ್ಮ ಮೇಲೆ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಈ ಕಂಬ ಸಾಲದು.

ಬುಗ್ಗೆಮನೆಯ ಪ್ರುದೆನ್ಸಿಯೊ ನಮಗೆ ಮೊದಲ ನೆರೆಯವನು. ಹುಟ್ಟಿಗೂ ಸಾವಿಗೂ ನಮ್ಮ ಮನೆಗೆ ಮೊದಲು ಕಾಲಿಡುವ ಹಕ್ಕು ಅವನದು, ಸುಮ್ಮನಿದ್ದಾಗ ಮೂಗು ತೂರಿಸುವ ಹಕ್ಕೂ ಅವನದೇ. ನನ್ನ ಸಂಕಟ ನೋಡಲಾರದೆ ಅವನೊಂದು ಉಪಾಯ ಹೂಡಿದ. ನಮ್ಮ ಮನೆ ಮೂರ್ನಾಲ್ಕು ತಲೆಮಾರುಗಳಿಂದ ಹೆಣ್ಣುಮಕ್ಕಳಿಗೇ ಬಂದಿದೆ, ಮದುವೆಯಾಗಿ ಬಂದ ಗಂಡಂದಿರು ತಂತಮ್ಮ ಅಡ್ಡಹೆಸರು ತಂದಿದ್ದಾರೆ; ಹಾಗಾಗಿ ಎಚೆಬೆರಿಯದಲ್ಲಿ ಎಚೆಬೆರಿಯ ಎಂಬ ಅಡ್ಡಹೆಸರಿನವರು ಯಾರೂ ಉಳಿದಿಲ್ಲ. ದೊಡ್ಡಮ್ಮನ ಅಡ್ಡಹೆಸರು ಉರುತಿಯ. ಇದನ್ನು ತಮ್ಮ ಬಾಯಿಂದಲೇ ಕೇಳಿದರೆ ಅವಳಿಗೆ ಬುದ್ಧಿ ಬರುತ್ತದೆಂದು ಅವನ ಎಣಿಕೆ. “ಊರೋರ ಮೂಲ ಎಲ್ಲಾ ನೋಡಿದ್ದಾಯ್ತಲ್ಲ ಬಿಶೆಂತಾ, ನಿಂದೂ ಒಂದ್ಸಲ ಕೇಳ್ಬಾರ್ದಾ?” ಎಂದು ಕೆಣಕಿ, ಸಂತೆಯ ದಿನ ತಮ್ಮ ಮುಂದೆ ತಂದು ನಿಲ್ಲಿಸಿದ.

ತಾವು ಸ್ವಲ್ಪವೂ ತಡಮಾಡಲಿಲ್ಲ. ಅವಳ ಮೂಲಮನೆ ಬೆಟ್ಟದಾಚೆಯ ಕಣಿವೆಯ ಉರುತಿಯ ಎಂದೂ, ಅದರ ಬಾಗಿಲು ಅವಳಿಗಾಗಿ ಸದಾ ತೆರೆದಿದೆಯೆಂದೂ ಬಂಗಾರದ ಅಕ್ಷರದಲ್ಲಿ ಕೊಟ್ಟಿರಿ. ದೊಡ್ಡಮ್ಮ ಅಚ್ಚಾದದ್ದನ್ನು ನಂಬುವವಳು. ಬಸ್ಸಿನಲ್ಲಿ ಇಡೀ ದಾರಿ ಅದನ್ನು ಓದುತ್ತ ಬಂದಳು, ಮನೆಗೆ ಬಂದವಳೇ ಟ್ರಂಕು ಎಳೆದಳು. ಎಂಬತ್ತು ದಾಟಿದವಳು ಎಲ್ಲಿಗೆ ಹೋಗುತ್ತಿಯೆಂದು ನಾನು ಕೇಳಿದ್ದಕ್ಕೆ, “ಹುಟ್ಟಿದಾಗ್ಲಿಂದ ಬೇರೆಯೋರ ಮನೇಲಿ ಕೂತಿದೀನಿ ಕಣೇ. ಅಲ್ಲಿ ಬಾಗಿಲು ತೆಕ್ಕೊಂಡು ಕಾಯ್ತಾ ಇದಾರಂತೆ, ಚಳಿಗೆ ಎಷ್ಟು ಹೊತ್ತು ತೆಗೆದಿರ್ತಾರೆ ಪಾಪ” ಎಂದಳು. ಒಂದು ಕೋಳಿಯನ್ನೂ ತನ್ನ ಮಣೆಯನ್ನೂ ತೆಗೆದುಕೊಂಡು ಮರುದಿನ ಹೊರಟೇಹೋದಳು. ಮನೆ ಯಾರಿಗೆಂದು ಹೇಳಲಿಲ್ಲ. ನಾನೂ ಡಾಕ್ಟರೂ ಅಂಗಳದಲ್ಲಿ ನಿಂತು ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನು ನೋಡಿದೆವು, ಆಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಒಳಗೆ ಬಂದೆವು.

ತಮ್ಮ ಕೀರ್ತಿ ಅಲ್ಲಿಗೆ ನಿಲ್ಲಲಿಲ್ಲ. ಬಿಶೆಂತಾಳೇ ಹೋದಳೆಂದ ಮೇಲೆ ಊರಿಗೆ ಊರೇ ತಮ್ಮ ಮುಂದೆ ಸಾಲುಗಟ್ಟಿತು. ಉಪಾಯ ಹೂಡಿದ ಪ್ರುದೆನ್ಸಿಯೊ ಸುಮ್ಮನೆ ನೋಡೋಣವೆಂದು ನಾಣ್ಯ ಹಾಕಿ, ಈಗ ಇನ್ನೊಂದು ಜಿಲ್ಲೆಯಲ್ಲಿ ಯಾರದೋ ಒಲೆಯ ಪಕ್ಕ ಕೂತು ಅವರ ಮನೆಯ ವಿಷಯಕ್ಕೆ ಮೂಗು ತೂರಿಸುತ್ತಿದ್ದಾನೆ. ಮೇಯರರ ಮೂಲಮನೆ ಅಣೆಕಟ್ಟಿನ ನೀರಿನಡಿ ಮುಳುಗಿದೆಯೆಂದು ಗೊತ್ತಾಯಿತು. ಅವರು ಭಾನುವಾರಗಳಂದು ದಡದಲ್ಲಿ ಟೊಪ್ಪಿಗೆ ತೆಗೆದು ನಿಂತು, ಬಾಗಿಲು ತೆರೆದಿದ್ದರೆ ಮೀನುಗಳು ಒಳಗೆ ಹೋಗಿರುತ್ತವಲ್ಲ ಎಂದು ಕೊರಗುತ್ತಾರೆ. ನಮ್ಮಲ್ಲಿ ಪ್ರತಿಯೊಬ್ಬರಿಗೂ ಎರಡು ಅಡ್ಡಹೆಸರು, ಅಪ್ಪನದೊಂದು, ಅಮ್ಮನದೊಂದು. ತಾವು ಅಪ್ಪನದ್ದನ್ನು ಮಾತ್ರ ಕೇಳುತ್ತೀರಿ. ಹಳ್ಳಿಯ ಟೀಚರಮ್ಮ ಅದು ಅನ್ಯಾಯವೆಂದು ಎರಡನ್ನೂ ಬೇರೆಬೇರೆಯಾಗಿ ಹಾಕಿ ಎರಡು ಮನೆ ಪಡೆದರು. ಯಾವುದನ್ನೂ ಬಿಡಲಾರದೆ ಈಗ ಹೆಚ್ಚಾಗಿ ಎರಡರ ನಡುವಿನ ಬಸ್ಸಿನಲ್ಲೇ ಇರುತ್ತಾರೆ. ಇತ್ತ ಖಾಲಿಯಾದ ಮನೆಗಳಿಗೆ, ಆ ಮನೆಗಳ ಹೆಸರು ಹೊತ್ತ ಅಪರಿಚಿತರು ತಮ್ಮ ಕಾಗದ ಹಿಡಿದು ಬಂದು ಸೇರಿಕೊಂಡು, ಗೊಬ್ಬರ ಎಲ್ಲಿ ಹಾಕಬೇಕೆಂದು ನನ್ನನ್ನು ಬಂದು ಕೇಳುತ್ತಿದ್ದರು.

ಆಗ ನಾನೂ ಬಂದೆ. ತಮಗೆ ನೆನಪಿರಬಹುದು, ಮಳೆ ಬರುತ್ತಿತ್ತು, ಕಮಾನಿನ ಕೆಳಗೆ ಬೇರೆ ಯಾರೂ ಇರಲಿಲ್ಲ. ಎಲ್ಲರಿಗೂ ಒಂದು ಮನೆ ಇದೆಯಲ್ಲ, ನನಗೂ ಎಲ್ಲಾದರೂ ಒಂದು ಮಾಡು ಇದ್ದೀತೆಂದು, ನಾಚಿಕೆ ಬಿಟ್ಟು ನನ್ನ ಅಡ್ಡಹೆಸರು ಒತ್ತಿದೆ: ಎಕ್ಸ್‌ಪೋಸಿತೊ. ಅನಾಥಾಲಯದ ಗೋಡೆಯಲ್ಲಿನ ತಿರುಗುಗೂಡಿನಲ್ಲಿ ಯಾರೋ ರಾತ್ರಿ ಇಟ್ಟುಹೋದ ಕೂಸುಗಳಿಗೆ ಹಿಂದಿನ ಕಾಲದಲ್ಲಿ ಇಡುತ್ತಿದ್ದ ಹೆಸರು ಅದು. ನನ್ನ ತಾತ ಅಂಥ ಒಂದು ಕೂಸು. ತಾವು ಬಹಳ ಹೊತ್ತು ಯೋಚಿಸಿದಿರಿ. ತಮ್ಮ ಮುಖದ ದೀಪ ಎರಡು ಸಲ ಆರಿ ಹತ್ತಿತು. ಆಮೇಲೆ ಕಾಗದ ಬರಲಿಲ್ಲ, ಠಣ್ಣೆಂದು ನಾಣ್ಯ ವಾಪಸು ಬಂತು. ಮೇಯರರ ನಾಣ್ಯವನ್ನು ನೀರಿನಡಿಯ ಮನೆಗೂ ಬಿಡದೆ ನುಂಗಿದ ತಾವು, ನನ್ನೊಬ್ಬಳದ್ದನ್ನು ಮುಟ್ಟಲಿಲ್ಲ. ತಮ್ಮ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಅಂದು ಮಾತ್ರ ತಲೆಬಾಗಲು ಆಗಲಿಲ್ಲ, ರೊಟ್ಟಿ ಅಂಗಡಿಯ ಗೋಡೆಗೆ ಮುಖ ಮಾಡಿ ಅತ್ತೆ.

ಮನೆಗೆ ಬಂದು ಡಾಕ್ಟರ ಮುಂದೆ ನಾಣ್ಯ ಇಟ್ಟು, ಮನೆ ನಿಮಗೇ ಆಗಲಿ, ಹಸುವಿಗೆ ಮಾತ್ರ ದಿನಾ ಪರಿಚಯ ಹೇಳಿಕೊಳ್ಳಬೇಡಿ ಎಂದೆ. ಅವರು ಕಾರಣ ಕೇಳಿದರು, ಹೇಳಿದೆ. ಆ ಮನುಷ್ಯ ಗಾಜಿನ ಚೌಕಟ್ಟಿನ ಕಡೆ ನೋಡಿ, “ನಮ್ಮಮ್ಮನ ಮನೆತನಾನೂ ಅದೇ ಕಣಮ್ಮ. ಇಟಲಿಯಿಂದ ಬಂದೋರು, ಎಸ್ಪೊಸಿತೊ ಅಂತಾರೆ. ನಮ್ಮೂರಲ್ಲಿ ಬೀದಿಗೆ ಹತ್ತು ಜನ ಇದಾರೆ” ಅಂದರು. ಒಂದು ಮನೆಯೂ ಇಲ್ಲದ ಹೆಸರು ಅಷ್ಟೊಂದು ಬೀದಿ ತುಂಬಿರುವುದು ಕೇಳಿ ನನಗೆ ಅಳು ನಿಂತು ನಗು ಬಂತು. ಅವರು ಚೌಕಟ್ಟನ್ನು ಗೋಡೆಯಿಂದ ಇಳಿಸಲಿಲ್ಲ, ಆದರೆ ಮರುದಿನದಿಂದ ಒಳ್ಳೆಯ ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟರು.

ಈಗ ತಮ್ಮ ಹೊಟ್ಟೆಯ ವಿಷಯ. ನಮ್ಮಲ್ಲಿ ಜೇನುಗಳಿಗೆ ಬಹುವಚನ ಹಾಕಿ ಮಾತಾಡಿಸುತ್ತೇವೆ. ನಾಯಿಗೆ, ಹಸುವಿಗೆ, ಗಂಡಂದಿರಿಗೆ ಏಕವಚನ ಸಾಕು. ಮನೆಯಲ್ಲಿ ಸಾವಾಗಲಿ, ಯಜಮಾನಿಕೆ ಕೈ ಬದಲಾಗಲಿ, ಮೊದಲು ಜೇನುಪೆಟ್ಟಿಗೆಯ ಹತ್ತಿರ ಹೋಗಿ, ಮೆಲ್ಲಗೆ ತಟ್ಟಿ, ಅವರಿಗೆ ಹೇಳಬೇಕು. ಹೇಳದಿದ್ದರೆ ಮುನಿಸಿಕೊಂಡು ಎದ್ದುಹೋಗುತ್ತಾರೆ. ಒಮ್ಮೆ ಅವರಿಗೆ ಹೇಳಿದ ಮಾತನ್ನು ಹಿಂದೆ ತೆಗೆದುಕೊಳ್ಳುವಂತಿಲ್ಲ, ನೋಟರಿ ಬರೆದದ್ದನ್ನಾದರೂ ಹರಿಯಬಹುದು. ದೊಡ್ಡಮ್ಮ ಹೊರಡುವ ಗಡಿಬಿಡಿಯಲ್ಲಿ ಅವರಿಗೆ ಹೇಳದೆ ಹೋಗಿದ್ದಳು. ನಾನಾದರೂ ಹೇಳಬಹುದಿತ್ತಲ್ಲ ಎಂದು ತಾವು ಕೇಳಬಹುದು. ಆದರೆ ಹೇಳುವ ಹಕ್ಕು ಮನೆಯ ಯಜಮಾನಿಗೆ ಮಾತ್ರ, ನಾನು ಯಾರು? ಹೂ ಬಿಡುವ ಕಾಲದ ಒಂದು ಬಿಸಿಲ ಮಧ್ಯಾಹ್ನ ನಮ್ಮ ಜೇನು ಎದ್ದಿತು. ಸದ್ದಿಗೆ ಎಲ್ಲಾದರೂ ಕೂರಲಿ ಎಂದು ಡಾಕ್ಟರೂ ನಾನೂ ಪಾತ್ರೆ ಬಡಿಯುತ್ತ ಇಳಿಜಾರಿನುದ್ದಕ್ಕೂ ಓಡಿದೆವು. ಚರ್ಚಿನ ಗಂಟೆಗೂ ಕೂರದೆ, ವಾಲ್ನಟ್ ಮರಕ್ಕೂ ಕೂರದೆ, ಅವರು ನೇರ ಪೇಟೆಗೆ ಇಳಿದು, ಲೋಕದ ಎಲ್ಲ ಮನೆಗಳ ವಿಷಯ ಬಲ್ಲ ತಮ್ಮ ಬೆನ್ನಿನ ಕಿಂಡಿಗಳಿಂದ ಒಳಹೊಕ್ಕರು. ಕಂಪನಿಯ ಮೆಕ್ಯಾನಿಕ್ ಬಂದು ತಮ್ಮ ಹಿಂಬಾಗಿಲು ತೆರೆದು, ತೆರೆದದ್ದಕ್ಕಿಂತ ಬೇಗ ಮುಚ್ಚಿ, ರಜೆ ಹಾಕಿ ಹೋದನಂತೆ.

ಬೆಟ್ಟದಾಚೆ ಈ ಸುದ್ದಿ ಮುಟ್ಟಿದ್ದು ಚೀಸು ಮಾರುವವರ ಬಾಯಿಂದ. ಅಲ್ಲಿ ಉರುತಿಯ ಮನೆಯಲ್ಲಿ ದೊಡ್ಡಮ್ಮ ಅಷ್ಟರೊಳಗೆ ಅವರ ಸಾರಿಗೆ ಉಪ್ಪು ಸಾಲದೆಂದು ಹೇಳಿ, ಅವರ ಕುಡುಗೋಲು ಮೊಂಡಾಗಿದೆಯೆಂದು ಹೇಳಿ, ಅವರ ಮೂವರು ಮಕ್ಕಳಲ್ಲಿ ಮನೆಗೆ ಯಾರು ವಾರಸುದಾರರಾಗಬೇಕೆಂದೂ ತೀರ್ಮಾನಿಸಿ, ಮೂವರನ್ನೂ ಅಳಿಸಿದ್ದಳಂತೆ. ಜೇನು ಎದ್ದ ಮಾತು ಕೇಳಿದ್ದೇ ಮಣೆ ಬಗಲಿಗಿಟ್ಟುಕೊಂಡು ಬಸ್ಸು ಹತ್ತಿದಳು. ಕೋಳಿಯನ್ನು ಅವರಿಗೇ ಬಿಟ್ಟುಬಂದಳು, ಅದೊಂದೇ ಅವರಿಗಾದ ಲಾಭ. ಬಸ್ಸು ಇಳಿದವಳು ಮನೆಯ ಕಡೆ ತಿರುಗಲಿಲ್ಲ, ಸಂತೆಯ ಜನರ ನಡುವೆ ದಾರಿ ಮಾಡಿಕೊಂಡು ನೇರ ತಮ್ಮ ಮುಂದೆ ಬಂದು ನಿಂತಳು. ನಾನು ಅಲ್ಲೇ ಚೀಸು ಇಟ್ಟುಕೊಂಡು ಕೂತಿದ್ದೆ. ನನ್ನ ತೋಳು ಹಿಡಿದು ಎಬ್ಬಿಸಿದಳು, ಇನ್ನೊಂದು ಕೈಯ ಬೆರಳಗೆಣ್ಣಿನಿಂದ ತಮ್ಮ ಪಕ್ಕೆಯನ್ನು ಮೆಲ್ಲಗೆ ತಟ್ಟಿದಳು.

“ಜೇನಮ್ಮಂದಿರೇ, ತಪ್ಪಾಯ್ತು, ಹೇಳ್ದೆ ಹೋಗ್ಬಿಟ್ಟೆ. ಈಗ ಹೇಳ್ತೀನಿ ಕೇಳಿ. ಎಚೆಬೆರಿಯಕ್ಕೆ ಹೊಸ ಯಜಮಾನಿ ಬಂದಿದಾಳೆ. ಗ್ರಾಸಿ ಅಂತ, ಇವಳೇ. ಇನ್ಮೇಲೆ ಇವಳ ಮಾತು ಕೇಳ್ಕೊಂಡಿರಿ.”

ಮೀನಿನವಳು ತಕ್ಕಡಿ ಕೆಳಗಿಟ್ಟಳು. ಗಂಡಸರು ಟೊಪ್ಪಿಗೆ ತೆಗೆದರು. ತಮ್ಮೊಳಗಿನ ಗುಂಯ್ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಅದಕ್ಕೆ ಇಡೀ ಸಂತೆ ಸಾಕ್ಷಿ. ಬಸ್ಸಿನಲ್ಲಿ ವಾಪಸು ಹೋಗುವಾಗ, ಇಷ್ಟು ದಿನ ಡಾಕ್ಟರಿಗೆ ಕೊಡಬೇಕೆಂದಿದ್ದವಳಿಗೆ ಏನಾಯಿತೆಂದು ಕೇಳಿದೆ. ದೊಡ್ಡಮ್ಮ ಕಿಟಕಿಯಾಚೆ ನೋಡುತ್ತ, “ಅಲ್ಲಿ ಎಲ್ಲಾ ನನ್ನ ಹೆಸರಿನೋರೇ ಕಣೇ. ನನ್ನ ಯಾವ ಮೊಣಕಾಲು ನೋಯತ್ತೆ ಅಂತ ಒಬ್ಬರಿಗೂ ಗೊತ್ತಿಲ್ಲ” ಅಂದಳು. ಎಡಗಾಲು ಎಂದು ನಾನೂ ಹೇಳಲಿಲ್ಲ, ಸುಮ್ಮನೆ ಅವಳ ಮಣೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಡಾಕ್ಟರು ನಮ್ಮಲ್ಲೇ ಇದ್ದಾರೆ. ಮದುವೆಯಾಗದೆ ಮನೆಯಲ್ಲುಳಿದವರಿಗೆ ಇರುವ ಹಕ್ಕಿನ ಮೇಲೆ, ಕೊಟ್ಟಿಗೆಯ ಮೇಲಿನ ಕೋಣೆಯಲ್ಲಿ. ಹಸು ಈಗ ಅವರನ್ನು ಅಪರೂಪಕ್ಕೆ ಒದೆಯುತ್ತದೆ.

ಇಷ್ಟಾದರೂ ಜೇನುಗಳು ಹೊರಗೆ ಬರಲಿಲ್ಲ. ಯಜಮಾನಿಯಾಗಿ ನಾನೇ ಬಂದು, ಬಹುವಚನದಲ್ಲಿ, ಗಂಟಲು ನೋಯುವವರೆಗೆ ಕರೆದೆ. ತಮ್ಮ ಒಳಗಿನ ಬಿಸಿ ಅವರಿಗೆ ಹಿಡಿಸಿದೆ. ಎಲ್ಲೇ ಕೂತರೂ ಅವರು ನಮ್ಮ ಮನೆಯವರೇ, ಅವರು ಕೂತ ಗೂಡು ನಮ್ಮ ಮನೆಯ ಗೂಡು ಎಂಬುದು ನನ್ನ ತೀರ್ಮಾನ. ಯಜಮಾನಿಯ ತೀರ್ಮಾನಕ್ಕೆ ನಮ್ಮಲ್ಲಿ ಎದುರು ಮಾತಿಲ್ಲ. ಆದ್ದರಿಂದ ಮಾನ್ಯರೇ, ತಾವು ಈಗ ಎಚೆಬೆರಿಯದವರು. ಅಭಿನಂದನೆಗಳು. ಇನ್ನು ಬೀದಿಯಲ್ಲಿ ನಿಂತು ಬಂದವರ ಮುಂದೆಲ್ಲ ನಾಣ್ಯಕ್ಕೆ ಬಾಯಿ ತೆರೆಯುವುದು ಮನೆತನಕ್ಕೆ ಶೋಭೆಯಲ್ಲ. ಗಂಟುಮೂಟೆ ಕಟ್ಟಿಕೊಂಡು ಮೇಲೆ ಬರಬೇಕು. ಬಸ್ಸಿನವರು ತಮ್ಮನ್ನು ಹತ್ತಿಸಿಕೊಳ್ಳದಿದ್ದರೆ ನಡೆದು ಬನ್ನಿ, ಏರು ಅಷ್ಟೇನೂ ಕಡಿದಲ್ಲ. ಹುಲ್ಲು ಕೊಯ್ಲು ಹತ್ತಿರ ಬಂದಿದೆ, ತಮಗೆ ಕೈಗಳಿಲ್ಲವೆಂಬುದು ನೆಪವಾಗಲಾರದು, ಡಾಕ್ಟರಿಗೆ ಇದ್ದೂ ಪ್ರಯೋಜನವಾಗಲಿಲ್ಲ. ಭಾನುವಾರ ಚರ್ಚಿನಲ್ಲಿ ನಮ್ಮ ಸತ್ತವರ ದೀಪದ ಹತ್ತಿರ ನಿಲ್ಲಬೇಕು. ಅವರಲ್ಲಿ ಯಾರ ಅಡ್ಡಹೆಸರು ಏನಿತ್ತೆಂದು ಮಾತ್ರ ದಯವಿಟ್ಟು ಕೇಳಬಾರದು. ದೊಡ್ಡಮ್ಮ ಸಾರು ಬಡಿಸಿದಾಗ ಬೇಡವೆನ್ನಬಾರದು. ಮಳೆ ಬಂದ ರಾತ್ರಿ ಬಾಲ್ದಿ ಸರಿಸುವ ಸರದಿ ತಮ್ಮದು. ತಮ್ಮ ಮನೆಯ ಬಾಗಿಲು ತಮಗಾಗಿ ಸದಾ ತೆರೆದಿದೆ. ಅದನ್ನು ಮುಚ್ಚಲು ಬರುವುದಿಲ್ಲ, ಕೀಲು ಮುರಿದಿದೆ, ಬರುವಾಗ ಒಂದು ಕೀಲು ತನ್ನಿ.

ಇಂತು ತಮ್ಮ ವಿಶ್ವಾಸಿ, ತಮ್ಮ ಹೊಟ್ಟೆಯಲ್ಲಿರುವವರ ಯಜಮಾನಿ,

ಎಚೆಬೆರಿಯದ ಗ್ರಾಸಿ

ಮರೆತ ಮಾತು: ಅಂದು ತಾವು ವಾಪಸು ಕೊಟ್ಟ ನಾಣ್ಯವನ್ನು ಮೊನ್ನೆ ಬೆಳಕಿಗೆ ಹಿಡಿದು ನೋಡಿದೆ. ಅದು ನಾನು ಹಾಕಿದ ಯೂರೋ ಅಲ್ಲ. ಯಾರೋ ತಮಗೆ ಟೋಪಿ ಹಾಕಿ ಹೋದ, ಚಲಾವಣೆ ನಿಂತ ಹಳೆಯ ಪೆಸೆತ. ನನ್ನ ಒಳ್ಳೆಯ ನಾಣ್ಯ ತಮ್ಮಲ್ಲೇ ಉಳಿದಿದೆ, ಇರಲಿ. ಯಾರಿಗೂ ಬೇಡವಾಗಿ ಯಾರೋ ಬಿಟ್ಟುಹೋದ ಈ ನಾಣ್ಯವನ್ನು ತಾವು ಕೇಳಿದರೂ ನಾನು ಕೊಡುವುದಿಲ್ಲ. ಅಂಥದ್ದು ಬಾಗಿಲಿಗೆ ಬಂದರೆ ಒಳಗೆ ಕರೆದು ಇಟ್ಟುಕೊಳ್ಳುವುದು, ನನ್ನ ತಾತ ಬಂದ ದಿನದಿಂದ, ಈ ಮನೆಯ ಪದ್ಧತಿ.